ಮಂಡಿಯ ಮೆತ್ತೆಗೆ ರೇಷ್ಮೆಯ ಹಂದರ

ಶಿವರಾತ್ರಿ, ದೀಪಾವಳಿ ಬಂತೆಂದರೆ ಹನೂರಿನ ರಸ್ತೆಯುದ್ದಕ್ಕೂ ಮಾದಪ್ಪನ ಪರಿಸೆ. ಬಸ್ಸಿದ್ದರೂ ತಾಳಬೆಟ್ಟದಿಂದ ಕಾಲ್ನಡಿಗೆಯಲ್ಲೇ ಬೆಟ್ಟ ಹತ್ತುವ ಹರಕೆಯವರು ಬಹಳ. ಹತ್ತುವಾಗ ಬಾಯಲ್ಲಿ ಉಘೇ ಉಘೇ, ಇಳಿಯುವಾಗ ಮಂಡಿಯ ಮೇಲೆ ಕೈ. ವಯಸ್ಸಾದವರು ಮೈಯನ್ನು ಓರೆ ಮಾಡಿ, ಒಂದೊಂದೇ ಮೆಟ್ಟಿಲಿಗೆ ಎರಡೂ ಪಾದ ಊರಿ ಇಳಿಯುತ್ತಾರೆ. ನೋವೆಲ್ಲಿ ಎಂದು ಅವರನ್ನು ಕೇಳಬೇಕಿಲ್ಲ. ‘ಮಂಡಿ ಸವ್ದೋಗದ ಅಂದ್ರು ಡಾಕ್ಟ್ರು’ ಎಂಬ ಮಾತು ಈ ಸೀಮೆಯಲ್ಲಿ ಮನೆಮನೆಯದು.

ಮೊದಲು ಸವೆಯುವುದು ಮೂಳೆಯಲ್ಲ, ಮೂಳೆಯ ತುದಿಗೆ ಹೊದಿಸಿರುವ ಮೃದ್ವಸ್ಥಿ. ನಾಟಿಕೋಳಿ ಸಾರಿನಲ್ಲಿ ಕಾಲಿನ ಮೂಳೆಯ ತುದಿಗೆ ಅಂಟಿಕೊಂಡಿರುವ ನುಣುಪಾದ ಬಿಳಿ ಪದರ ನೋಡಿದ್ದೀರಲ್ಲ, ಅದೇ. ನಮ್ಮ ಮಂಡಿಯಲ್ಲಿ ಅದರ ದಪ್ಪ ಹೆಚ್ಚುಕಡಿಮೆ 2ರಿಂದ 4 ಮಿಲಿಮೀಟರ್. ಬಹುಪಾಲು ನೀರು, ಆ ನೀರನ್ನು ಹಿಡಿದಿಡುವ ಕೊಲಾಜೆನ್ ಬಲೆ, ನಡುವೆ ಅಲ್ಲೊಂದು ಇಲ್ಲೊಂದು ಜೀವಕೋಶ. ರಕ್ತನಾಳವಿಲ್ಲ, ನರವೂ ಇಲ್ಲ. ಕೈ ಕುಯ್ದುಕೊಂಡರೆ ರಕ್ತವೇ ದುರಸ್ತಿಯ ಸಾಮಾನು ಹೊತ್ತು ತರುತ್ತದೆ. ಇಲ್ಲಿಗೆ ಆ ದಾರಿಯೇ ಇಲ್ಲ. ಹಾಳಾದ ಮೃದ್ವಸ್ಥಿ ಮತ್ತೆ ಕೂಡಿಕೊಳ್ಳುವುದಿಲ್ಲವೆಂದು ವಿಲಿಯಂ ಹಂಟರ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಹೇಳಿದ್ದು 1743ರಲ್ಲಿ.

ಈ ಮಿತಿಯನ್ನು ದಾಟುವ ದೊಡ್ಡ ಪ್ರಯತ್ನ ಸ್ವೀಡನ್ನಿನಲ್ಲಿ ಆಯಿತು. ರೋಗಿಯದೇ ಮೃದ್ವಸ್ಥಿಯ ಚೂರು ತೆಗೆದು, ಕೋಶಗಳನ್ನು ಹೊರಗೆ ಬೆಳೆಸಿ, ಮಂಡಿಯ ಗುಳಿಗೆ ತುಂಬಿದ 23 ಮಂದಿಯ ವರದಿ 1994ರಲ್ಲಿ ಪ್ರಕಟವಾಯಿತು. ಪೆಟ್ಟು ಬಿದ್ದು ಒಂದು ಕಡೆ ಕಿತ್ತುಹೋದ ಎಳೆಯರ ಮಂಡಿಗೆ ಇದು ಒದಗೀತು. ಇಡೀ ಕೀಲು ಸವೆದವರಿಗಲ್ಲ.

ಆಮೇಲೆ ಕಣ್ಣು ಕಾಂಡಕೋಶದ ಮೇಲೆ ಬಿತ್ತು. ಅಸ್ಥಿಮಜ್ಜೆಯಲ್ಲಿರುವ ಒಂದು ಬಗೆಯ ಕಾಂಡಕೋಶ ಮೂಳೆಯೂ ಆಗಬಲ್ಲದು, ಕೊಬ್ಬೂ ಆಗಬಲ್ಲದು, ಮೃದ್ವಸ್ಥಿಯೂ ಆಗಬಲ್ಲದು. ಏನಾಗಬೇಕೆಂದು ಅದಕ್ಕೆ ಹೇಳುವವು ಬೆಳವಣಿಗೆಯ ಅಂಶಗಳು ಎಂಬ ಪ್ರೋಟೀನುಗಳು. ಟಿಜಿಎಫ್-ಬೀಟಾ ಅಂಥದ್ದೊಂದು. ಕಾಂಡಕೋಶಗಳನ್ನು ಸಣ್ಣ ಉಂಡೆಯಾಗಿ ಒತ್ತಾಗಿ ಕೂಡಿಸಿ ಈ ಪ್ರೋಟೀನು ಉಣಿಸಿದರೆ ಮೃದ್ವಸ್ಥಿಯ ಹಾದಿ ಹಿಡಿಯುತ್ತವೆಂದು ಬ್ರಯನ್ ಜಾನ್‌ಸ್ಟನ್ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದರು. ತೊಡಕೆಂದರೆ ಅವು ಅಲ್ಲಿಗೇ ನಿಲ್ಲುವುದಿಲ್ಲ. ಬೆಳೆಯುವ ಮಕ್ಕಳ ಮೂಳೆಯಲ್ಲಿ ಆಗುವಂತೆ ಉಬ್ಬಿ, ಸುಣ್ಣಗಟ್ಟಿ, ಮೂಳೆಯಾಗಲು ಹೊರಡುತ್ತವೆ. ಮಂಡಿಗೆ ಬೇಕಾದದ್ದು ಮೆತ್ತೆ, ಇನ್ನೊಂದು ಮೂಳೆಯಲ್ಲ.

ಕೋಶ ಮತ್ತು ಪ್ರೋಟೀನಿನ ಜತೆಗೆ ನಿಲ್ಲಲು ಹಂದರವೂ ಬೇಕು. ಇಲ್ಲಿ ಕೊಳ್ಳೇಗಾಲ, ಯಳಂದೂರಿನವರಿಗೆ ಪರಿಚಯದ ವಸ್ತು ಬರುತ್ತದೆ. ಬಿಸಿನೀರಿನಲ್ಲಿ ಗೂಡು ಬೇಯಿಸಿ, ಅಂಟು ಸಡಿಲಿಸಿ, ಎಳೆಯ ತುದಿ ಹುಡುಕುವ ಬಿಚ್ಚಾಣಿಕೆಯ ಕೈಗಳಿಗೆ ರೇಷ್ಮೆ ಎರಡು ಪದಾರ್ಥವೆಂದು ಗೊತ್ತು. ಅಂಟು ಸೆರಿಸಿನ್, ಎಳೆ ಫೈಬ್ರಾಯಿನ್. ಪ್ರಯೋಗಶಾಲೆಯಲ್ಲೂ ಮೊದಲ ಕೆಲಸ ಇದೇ. ಗೂಡನ್ನು ವಾಷಿಂಗ್ ಸೋಡಾ ಬೆರೆಸಿದ ನೀರಿನಲ್ಲಿ ಕುದಿಸಿ ಅಂಟು ಪೂರ್ತಿ ಕಳೆಯುತ್ತಾರೆ. ಉಳಿದ ಎಳೆಯನ್ನು ಲವಣದ ದ್ರಾವಣದಲ್ಲಿ ಕರಗಿಸಿ ಸ್ಪಂಜಾಗಿಯೋ ಮುದ್ರಿಸುವ ಶಾಯಿಯಾಗಿಯೋ ಮಾಡುತ್ತಾರೆ. ದೆಹಲಿ ಐಐಟಿಯ ಸೌರಭ್ ಘೋಷ್ ಅವರ ತಂಡ ಕಾನ್ಪುರ ಐಐಟಿಯ ಅಮಿತಾಭ ಬಂದ್ಯೋಪಾಧ್ಯಾಯರ ತಂಡದೊಡನೆ ರೇಷ್ಮೆ-ಜೆಲಾಟಿನ್ ಶಾಯಿಯಲ್ಲಿ ಕಾಂಡಕೋಶಗಳನ್ನು ಮುದ್ರಿಸಿ, ಅವು ಮೂಳೆಯತ್ತ ಜಾರದಂತೆ ತಡೆಯುವುದು ಹೇಗೆಂದು ಶೋಧಿಸಿದೆ. ನಮ್ಮ ಗೂಡಿಗೆ ಸೀರೆಯಾಚೆ ಇಂಥದೊಂದು ಬಾಳು ಇದೆಯೆಂಬುದು ನನಗೆ ನಿಜವಾದ ಹೆಮ್ಮೆ. ಆದರೆ ಅದಿನ್ನೂ ಪ್ರಯೋಗಶಾಲೆಯ ಮಾತು.

ಆಸ್ಪತ್ರೆಗೆ ಬಂದಿರುವುದು ಬೇರೆ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ದಾನಿಗಳ ಅಸ್ಥಿಮಜ್ಜೆಯಿಂದ ಬೆಳೆಸಿದ ಕೋಶಗಳ ಚುಚ್ಚುಮದ್ದಿಗೆ 2022ರಲ್ಲಿ ಮಂಡಿ ಸವೆತಕ್ಕೆ ಔಷಧ ನಿಯಂತ್ರಕರ ಅನುಮತಿ ಸಿಕ್ಕಿತು. ಒಂದು ಮಂಡಿಗೆ ಎರಡೂವರೆ ಕೋಟಿ ಕೋಶ. ನೋವು, ಬಿಗಿತ ತಗ್ಗಿದ್ದು ಅದರ ಪರೀಕ್ಷೆಯಲ್ಲಿ ಕಂಡಿದೆ. ಅಮೆರಿಕದಲ್ಲಿ ಬೇರೆ ಮೂರು ಬಗೆಯ ಕೋಶಗಳನ್ನು ಸ್ಟೀರಾಯ್ಡ್ ಚುಚ್ಚುಮದ್ದಿಗೆ ಹೋಲಿಸಿದ, 2023ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ, ಒಂದು ವರ್ಷದ ಬಳಿಕ ಯಾವುದೂ ಸ್ಟೀರಾಯ್ಡನ್ನು ಮೀರಿಸಲಿಲ್ಲ. ನೋವು ತಗ್ಗುವುದು ಒಂದು, ಸವೆದದ್ದು ಮತ್ತೆ ಬೆಳೆಯುವುದು ಇನ್ನೊಂದು. ಒಂದೇ ಸೂಜಿಯಲ್ಲಿ ಹೊಸ ಮಂಡಿ ಎನ್ನುವವರು ಇವೆರಡನ್ನೂ ಬೆರೆಸಿ ಮಾರುತ್ತಿದ್ದಾರೆ. ಗೂಡು ಮಾರಿ ಕೂಡಿಟ್ಟ ದುಡ್ಡು ಹೀಗೆ ಕರಗುವುದು ಅನ್ಯಾಯ.

ಆದ್ದರಿಂದ ದುಡ್ಡು ಕಟ್ಟುವ ಮುನ್ನ ವೈದ್ಯರನ್ನು ಕೇಳಿ: ಇದು ಅನುಮತಿ ಪಡೆದ ಔಷಧವೇ, ಅಥವಾ ಪ್ರಯೋಗವೇ? ಪ್ರಯೋಗವಾದರೆ ನನ್ನಿಂದ ಹಣವೇಕೆ? ನನ್ನ ಮಂಡಿ ಸವೆದಿರುವುದು ಎಷ್ಟು? ಉತ್ತರವನ್ನು ಬರೆದುಕೊಡಲು ಹೇಳಿ. ಅಲ್ಲಿಯವರೆಗೆ ತೊಡೆಯ ಸ್ನಾಯು ಗಟ್ಟಿಮಾಡುವ ವ್ಯಾಯಾಮ ಬಿಡಬೇಡಿ, ತೂಕ ಹೆಚ್ಚಿದ್ದರೆ ಇಳಿಸಿ. ಮಾದಪ್ಪನ ಮೆಟ್ಟಿಲು ಇಳಿಯುವಾಗ ಕೈಗೊಂದು ಕೋಲಿರಲಿ.