ಹಿಮ ಬೀಳದ ಊರಿನ ಮಕ್ಕಳಿಗೂ ಚಳಿಗಾಲದ ಯುವ ಒಲಿಂಪಿಕ್ಸ್ ಸಾಧ್ಯವೇ? ಮೆಹದಿಪಟ್ಟಣಂನಿಂದ ಮಂಜುಗಡ್ಡೆಯವರೆಗಿನ ದಾರಿ ಹೀಗಿದೆ

ಹೈದರಾಬಾದ್: ಮೆಹದಿಪಟ್ಟಣಂನಲ್ಲಿ ಜನವರಿಯ ಮುಂಜಾನೆ ಎಂದರೆ ಹೆಚ್ಚೂಕಡಿಮೆ 15 ಡಿಗ್ರಿ ಸೆಲ್ಸಿಯಸ್ ಚಳಿ. ಸ್ವೆಟರ್ ಹಾಕಿಕೊಂಡರೆ ಸಾಕು, ಚಳಿಗಾಲ ಮುಗಿದ ಲೆಕ್ಕ. ಸ್ಕೀಯಿಂಗ್ ನಡೆಯುವ ಕಾಶ್ಮೀರದ ಗುಲ್ಮಾರ್ಗ್ ಇಲ್ಲಿಂದ ನೇರ ರೇಖೆಯಲ್ಲಿ ಅಳೆದರೂ 1,800 ಕಿ.ಮೀ.ಗೂ ಹೆಚ್ಚು ದೂರದಲ್ಲಿದೆ. ಇಂಥ ಬಡಾವಣೆಯಲ್ಲಿ ಕಾಲಿಗೆ ಚಕ್ರದ ಸ್ಕೇಟ್ ಕಟ್ಟಿಕೊಂಡು ಓಡುವ ಶಾಲಾ ಮಕ್ಕಳಿಗೆ ಚಳಿಗಾಲದ ಒಲಿಂಪಿಕ್ಸ್ ಎಂಬುದು ಟಿವಿಯಲ್ಲಿ ನೋಡುವ ಸಂಗತಿ ಮಾತ್ರವೇ?

ಅಲ್ಲ ಎನ್ನುತ್ತವೆ ಇತ್ತೀಚಿನ ಉದಾಹರಣೆಗಳು. ಹದಿಹರೆಯದವರಿಗೆಂದೇ ನಡೆಯುವ ಚಳಿಗಾಲದ ಯುವ ಒಲಿಂಪಿಕ್ಸ್‌ನಲ್ಲಿ ಹಿಮವೇ ಬೀಳದ ಥಾಯ್ಲೆಂಡ್ ಕೂಡ ಪದಕ ಗೆದ್ದಿದೆ. ಆದರೆ ಈ ಕೂಟಕ್ಕೆ ಒಂದು ಕಠಿಣ ಲೆಕ್ಕಾಚಾರವಿದೆ. ಬಹುತೇಕ ಮಕ್ಕಳಿಗೆ ಇಲ್ಲಿ ಸಿಗುವುದು ಒಂದೇ ಒಂದು ಅವಕಾಶ. ಅದು ಹೇಗೆ? ಇಲ್ಲಿದೆ ಮಾಹಿತಿ.

ಏನಿದು ಚಳಿಗಾಲದ ಯುವ ಒಲಿಂಪಿಕ್ಸ್?

ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ (ಐಒಸಿ) 2007ರಲ್ಲಿ ಗ್ವಾಟೆಮಾಲಾದಲ್ಲಿ ನಡೆದ ಅಧಿವೇಶನದಲ್ಲಿ ಯುವ ಒಲಿಂಪಿಕ್ಸ್‌ಗೆ ಒಪ್ಪಿಗೆ ನೀಡಿತು. ಆಗ ಜಾಕ್ ರಾಗ್ ಸಮಿತಿಯ ಅಧ್ಯಕ್ಷರಾಗಿದ್ದರು. ಬೇಸಿಗೆಯ ಮೊದಲ ಕೂಟ 2010ರಲ್ಲಿ ಸಿಂಗಪುರದಲ್ಲಿ ನಡೆದರೆ, ಚಳಿಗಾಲದ ಮೊದಲ ಕೂಟಕ್ಕೆ 2012ರ ಜನವರಿಯಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರಕ್ ಆತಿಥ್ಯ ವಹಿಸಿತು. ಬಳಿಕ 2016ರಲ್ಲಿ ನಾರ್ವೆಯ ಲಿಲ್ಲೆಹ್ಯಾಮರ್, 2020ರಲ್ಲಿ ಸ್ವಿಟ್ಜರ್ಲೆಂಡ್‌ನ ಲೊಸಾನ್, 2024ರಲ್ಲಿ ದಕ್ಷಿಣ ಕೊರಿಯಾದ ಗ್ಯಾಂಗ್‌ವಾನ್‌ನಲ್ಲಿ ಕೂಟಗಳು ನಡೆದವು. ಏಷ್ಯಾದಲ್ಲಿ ಚಳಿಗಾಲದ ಯುವ ಒಲಿಂಪಿಕ್ಸ್ ನಡೆದದ್ದು ಗ್ಯಾಂಗ್‌ವಾನ್‌ನಲ್ಲೇ ಮೊದಲು. ಅಲ್ಲಿ 80ರ ಸನಿಹದಷ್ಟು ದೇಶಗಳ ಸುಮಾರು 1,800 ಕ್ರೀಡಾಪಟುಗಳು 81 ಸ್ಪರ್ಧೆಗಳಲ್ಲಿ ಪಾಲ್ಗೊಂಡಿದ್ದರು.

ಆಲ್ಪೈನ್ ಸ್ಕೀಯಿಂಗ್, ಕ್ರಾಸ್ ಕಂಟ್ರಿ ಸ್ಕೀಯಿಂಗ್, ಸ್ನೋಬೋರ್ಡ್, ಫಿಗರ್ ಸ್ಕೇಟಿಂಗ್, ಸ್ಪೀಡ್ ಸ್ಕೇಟಿಂಗ್, ಐಸ್ ಹಾಕಿ, ಕರ್ಲಿಂಗ್, ಲೂಜ್ ಮುಂತಾದ ಕ್ರೀಡೆಗಳು ಇಲ್ಲಿರುತ್ತವೆ. ಹಿರಿಯರ ಒಲಿಂಪಿಕ್ಸ್‌ನಲ್ಲಿ ಕಾಣದ ಪ್ರಯೋಗಗಳೂ ಇಲ್ಲಿ ನಡೆಯುತ್ತವೆ. ಬೇರೆ ಬೇರೆ ದೇಶಗಳ ಮಕ್ಕಳು ಒಂದೇ ತಂಡದಲ್ಲಿ ಆಡುವುದು ಅವುಗಳಲ್ಲಿ ಒಂದು. ಲೊಸಾನ್‌ನಲ್ಲಿ ಮೂವರ ವಿರುದ್ಧ ಮೂವರು ಆಡುವ ಐಸ್ ಹಾಕಿಯಲ್ಲಿ ಹೀಗೆ ಮಿಶ್ರ ತಂಡಗಳನ್ನು ಕಟ್ಟಲಾಗಿತ್ತು.

ಒಂದೇ ಅವಕಾಶ ಏಕೆ?

ಇಲ್ಲಿನ ಸ್ಪರ್ಧಿಗಳ ವಯಸ್ಸು ಸಾಮಾನ್ಯವಾಗಿ 15ರಿಂದ 18. ಕ್ರೀಡೆಯಿಂದ ಕ್ರೀಡೆಗೆ ನಿಯಮದಲ್ಲಿ ಅಲ್ಪ ವ್ಯತ್ಯಾಸ ಇರುತ್ತದೆ. ಕೂಟ ನಡೆಯುವುದು ನಾಲ್ಕು ವರ್ಷಕ್ಕೊಮ್ಮೆ. ಅಂದರೆ ನಾಲ್ಕು ವರ್ಷದ ವಯೋಮಿತಿ, ನಾಲ್ಕು ವರ್ಷದ ಅಂತರ. ಹೀಗಾಗಿ ಒಂದು ಮಗುವಿನ ಪಾಲಿಗೆ ಬರುವುದು ಸಾಮಾನ್ಯವಾಗಿ ಒಂದೇ ಕೂಟ.

ಮುಂದಿನ ಕೂಟ 2028ರ ಜನವರಿಯಲ್ಲಿ ಇಟಲಿಯ ಡೊಲೊಮಿಟಿ ವಾಲ್ಟೆಲಿನಾ ಪ್ರದೇಶದಲ್ಲಿ ನಿಗದಿಯಾಗಿದೆ. 2012ರಲ್ಲಿ ಹುಟ್ಟಿದ ಮಗುವಿಗೆ 2028ಕ್ಕೆ 16 ವರ್ಷ. ಅದರ ನಂತರದ ಕೂಟದ ಹೊತ್ತಿಗೆ 20 ದಾಟುವ ವಯಸ್ಸು, ಬಾಗಿಲು ಮುಚ್ಚಿರುತ್ತದೆ. ಮನಾಲಿ ಅಥವಾ ಲೇಹ್‌ನ ಮಗು ನಡೆಯಲು ಕಲಿತ ಕೆಲವೇ ವರ್ಷಗಳಲ್ಲಿ ಹಿಮದ ಮೇಲೆ ಜಾರುವುದನ್ನೂ ಕಲಿಯಬಹುದು. ಹೈದರಾಬಾದ್‌ನ ಮಗು 13ನೇ ವಯಸ್ಸಿನಲ್ಲಿ ಮೊದಲ ಸಲ ಮಂಜುಗಡ್ಡೆ ಮುಟ್ಟಿದರೆ ಉಳಿಯುವುದು ಎರಡು ಮೂರು ವರ್ಷ ಮಾತ್ರ. ದಕ್ಷಿಣದ ಮಕ್ಕಳಿಗೆ ದೂರಕ್ಕಿಂತಲೂ ದೊಡ್ಡ ಅಡ್ಡಿ ಈ ಸಮಯದ ಕೊರತೆಯೇ.

ಭಾರತದವರು ಯಾರು ಹೋಗಿದ್ದಾರೆ?

ಇನ್ಸ್‌ಬ್ರಕ್‌ನ ಮೊದಲ ಕೂಟದಲ್ಲೇ ಭಾರತವಿತ್ತು. ಮನಾಲಿ ಸಮೀಪದ ಬುರುವಾ ಗ್ರಾಮದ ಆಂಚಲ್ ಠಾಕೂರ್ ಆಲ್ಪೈನ್ ಸ್ಕೀಯಿಂಗ್‌ನಲ್ಲಿ ಸ್ಪರ್ಧಿಸಿದ್ದರು. ಆಗ ಪದಕ ಬರಲಿಲ್ಲ. ಆದರೆ ಆರು ವರ್ಷಗಳ ನಂತರ, 2018ರ ಜನವರಿಯಲ್ಲಿ, ಟರ್ಕಿಯ ಎರ್ಜುರುಮ್‌ನಲ್ಲಿ ಅವರು ಕಂಚು ಗೆದ್ದರು. ಅಂತರರಾಷ್ಟ್ರೀಯ ಸ್ಕೀಯಿಂಗ್‌ನಲ್ಲಿ ಭಾರತಕ್ಕೆ ಬಂದ ಮೊದಲ ಪದಕ ಅದು. ಹದಿಹರೆಯದಲ್ಲಿ ಸಿಕ್ಕ ದೊಡ್ಡ ವೇದಿಕೆಯ ಬೆಲೆ ತಿಳಿಯುವುದು ಹೀಗೆ, ವರ್ಷಗಳು ಕಳೆದ ಮೇಲೆ.

ಯುವ ಒಲಿಂಪಿಕ್ಸ್ ಇನ್ನೂ ಹುಟ್ಟದಿದ್ದ ಕಾಲದಲ್ಲಿ ಶಿವ ಕೇಶವನ್ ನೇರವಾಗಿ ಹಿರಿಯರ ಒಲಿಂಪಿಕ್ಸ್‌ಗೇ ಹೋಗಬೇಕಾಯಿತು. 1998ರಲ್ಲಿ ಜಪಾನಿನ ನಗಾನೊದಲ್ಲಿ ಲೂಜ್ ಸ್ಪರ್ಧೆಗೆ ಇಳಿದಾಗ ಅವರಿಗೆ ಕೇವಲ 16 ವರ್ಷ. ಕೇರಳ ಮೂಲದ ತಂದೆಯ ಮಗನಾದ ಅವರು ಬೆಳೆದದ್ದು ಮನಾಲಿ ಬಳಿ. ದೇಶದಲ್ಲಿ ಲೂಜ್ ಟ್ರ್ಯಾಕ್ ಇಲ್ಲದ ಕಾರಣ ಸ್ಲೆಡ್‌ಗೆ ಚಕ್ರ ಜೋಡಿಸಿ ಹಿಮಾಲಯದ ಡಾಂಬರು ರಸ್ತೆಗಳಲ್ಲೇ ಅಭ್ಯಾಸ ಮಾಡಿದರು. 2018ರವರೆಗೆ ಒಟ್ಟು ಆರು ಒಲಿಂಪಿಕ್ಸ್‌ಗಳಲ್ಲಿ ಸ್ಪರ್ಧಿಸಿದರು.

ಕರ್ನಾಟಕದ ಉದಾಹರಣೆ ಇನ್ನೊಂದು ಬಗೆಯದು. ಕೊಡಗಿನ ತೆಕ್ಕಡ ಭವಾನಿ ನಂಜುಂಡ ಪರ್ವತಾರೋಹಣದ ಮೂಲಕ ಸ್ಕೀಯಿಂಗ್‌ಗೆ ಬಂದವರು. 2024ರಲ್ಲಿ ಗುಲ್ಮಾರ್ಗ್‌ನಲ್ಲಿ ನಡೆದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ನಾರ್ಡಿಕ್ ಸ್ಕೀಯಿಂಗ್‌ನಲ್ಲಿ ಅವರು ರಾಜ್ಯಕ್ಕೆ ಚಿನ್ನ ತಂದರು. 2025ರಲ್ಲಿ ಚಿಲಿಯ ಅಂತರರಾಷ್ಟ್ರೀಯ ಕ್ರಾಸ್ ಕಂಟ್ರಿ ಸ್ಪರ್ಧೆಯಲ್ಲಿ ಕಂಚು ಗೆದ್ದರು. ಆದರೆ ಅವರು ಹಿಮದ ಮೇಲೆ ನಿಲ್ಲುವ ಹೊತ್ತಿಗೆ ಯುವ ಒಲಿಂಪಿಕ್ಸ್‌ನ ವಯಸ್ಸು ದಾಟಿತ್ತು. ಕೊಡಗಿನ ಹುಡುಗಿಗೆ ಸಾಮರ್ಥ್ಯ ಕಡಿಮೆಯಿರಲಿಲ್ಲ, ಹಿಮ ತಡವಾಗಿ ಸಿಕ್ಕಿತು.

ಮೆಹದಿಪಟ್ಟಣಂಗೆ ಹತ್ತಿರದ ದಾರಿ ಯಾವುದು?

ಸ್ಕೀಯಿಂಗ್‌ಗೆ ಬೆಟ್ಟವೂ ಬೇಕು, ಹಿಮವೂ ಬೇಕು. ನಗರದ ಮಕ್ಕಳಿಗೆ ಅದಕ್ಕಿಂತ ಹತ್ತಿರವಾದದ್ದು ಐಸ್ ಸ್ಪೀಡ್ ಸ್ಕೇಟಿಂಗ್. ಹೈದರಾಬಾದ್‌ಗೆ ರೋಲರ್ ಸ್ಕೇಟಿಂಗ್‌ನಲ್ಲಿ ಒಳ್ಳೆಯ ಹೆಸರಿದೆ. ಇದೇ ನಗರದ ಅನೂಪ್ ಕುಮಾರ್ ಯಾಮ 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನ ಆರ್ಟಿಸ್ಟಿಕ್ ರೋಲರ್ ಸ್ಕೇಟಿಂಗ್‌ನಲ್ಲಿ ಎರಡು ಕಂಚು ಗೆದ್ದು, 2015ರ ಅರ್ಜುನ ಪ್ರಶಸ್ತಿಗೆ ಪಾತ್ರರಾದರು.

ಚಕ್ರದಿಂದ ಮಂಜುಗಡ್ಡೆಗೆ ದಾಟಿ ಗೆದ್ದವರು ಜಗತ್ತಿನಲ್ಲಿ ಹಲವರಿದ್ದಾರೆ. ಅಮೆರಿಕದಲ್ಲಿ ಹಿಮ ಅಪರೂಪವಾದ ಫ್ಲೋರಿಡಾದ ಒಕಾಲಾ ಊರಿನ ಎರಿನ್ ಜಾಕ್ಸನ್ ಇನ್‌ಲೈನ್ ಸ್ಕೇಟಿಂಗ್‌ನಲ್ಲಿ ಬೆಳೆದವರು. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ 500 ಮೀಟರ್ ಸ್ಪೀಡ್ ಸ್ಕೇಟಿಂಗ್ ಚಿನ್ನ ಅವರದಾಯಿತು. ಅದೇ ಕೂಟದ ಮಾಸ್ ಸ್ಟಾರ್ಟ್ ಚಿನ್ನ ಗೆದ್ದ ಬೆಲ್ಜಿಯಂನ ಬಾರ್ಟ್ ಸ್ವಿಂಗ್ಸ್ ಕೂಡ ಇನ್‌ಲೈನ್‌ನಲ್ಲಿ ಹೆಸರು ಮಾಡಿದವರೇ. ಭಾರತದಲ್ಲಿ ಗುಜರಾತಿನ ವಿಶ್ವರಾಜ್ ಜಡೇಜಾ ಇದೇ ಹಾದಿಯಲ್ಲಿ ನೆದರ್ಲೆಂಡ್ಸ್‌ಗೆ ಹೋಗಿ ಐಸ್ ಸ್ಪೀಡ್ ಸ್ಕೇಟಿಂಗ್ ಅಭ್ಯಾಸ ಮಾಡಿದರು.

ತೆಲಂಗಾಣಕ್ಕೂ ಆಸೆಯ ಸುದ್ದಿಯಿದೆ. 2025ರ ಜನವರಿಯಲ್ಲಿ ಲೇಹ್‌ನಲ್ಲಿ ನಡೆದ ಖೇಲೋ ಇಂಡಿಯಾ ಚಳಿಗಾಲದ ಕೂಟದ ಐಸ್ ಸ್ಕೇಟಿಂಗ್‌ನಲ್ಲಿ ರಾಜ್ಯದ ನಯನಾ ಶ್ರೀ ತಲ್ಲೂರಿ ಚಿನ್ನ ಗೆದ್ದರು. ಹಿಮ ಬೀಳದ ರಾಜ್ಯವೊಂದರ ಹೆಸರು ಲಡಾಖ್‌ನ ಪದಕ ಪಟ್ಟಿಯಲ್ಲಿ ಮೂಡಿತು.

ರೋಲರ್ ಪದಕ ಇದ್ದರೆ ಸಾಕೇ?

ಸಾಲದು. ಪೋಷಕರು ಮುಖ್ಯವಾಗಿ ತಿಳಿಯಬೇಕಾದ ವಿಷಯ ಇದು. ಹಿಮ ಅಥವಾ ಮಂಜುಗಡ್ಡೆಯ ಮೇಲೆ ಆಡುವ ಕ್ರೀಡೆಗಳು ಮಾತ್ರ ಚಳಿಗಾಲದ ಕ್ರೀಡೆಗಳು ಎಂದು ಒಲಿಂಪಿಕ್ ಸನ್ನದು ಹೇಳುತ್ತದೆ. ರೋಲರ್ ಸ್ಪೀಡ್ ಸ್ಕೇಟಿಂಗ್ 2018ರ ಬ್ಯೂನಸ್ ಐರಿಸ್ ಯುವ ಒಲಿಂಪಿಕ್ಸ್‌ನಲ್ಲಿ ಇತ್ತಾದರೂ ಅದು ಬೇಸಿಗೆ ಕೂಟ. ಆಡಳಿತವೂ ಬೇರೆ ಬೇರೆ. ದೇಶದಲ್ಲಿ ಚಕ್ರದ ಸ್ಕೇಟಿಂಗ್ ನೋಡಿಕೊಳ್ಳುವುದು ರೋಲರ್ ಸ್ಕೇಟಿಂಗ್ ಫೆಡರೇಷನ್, ಮಂಜುಗಡ್ಡೆಯದು ಐಸ್ ಸ್ಕೇಟಿಂಗ್ ಅಸೋಸಿಯೇಷನ್. ಒಂದರಲ್ಲಿ ಗಳಿಸಿದ ಪದಕ ಇನ್ನೊಂದರ ಆಯ್ಕೆಯಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ತಂತ್ರದಲ್ಲೂ ವ್ಯತ್ಯಾಸವಿದೆ. ಶಾರ್ಟ್ ಟ್ರ್ಯಾಕ್ ಸ್ಪರ್ಧೆ ನಡೆಯುವುದು 60 ಮೀಟರ್ ಉದ್ದ, 30 ಮೀಟರ್ ಅಗಲದ ರಿಂಕ್‌ನಲ್ಲಿ. ಒಂದು ಸುತ್ತು 111.12 ಮೀಟರ್. ತಿರುವುಗಳು ಬಹಳ ಬಿಗಿ. ಬ್ಲೇಡಿನ ಅಂಚು ಮಂಜುಗಡ್ಡೆಯನ್ನು ಕಚ್ಚಿ ಹಿಡಿಯುವುದರಿಂದ ಸ್ಕೇಟರ್ ಒಳಗೈ ನೆಲಕ್ಕೆ ತಾಗುವಷ್ಟು ವಾಲುತ್ತಾನೆ. ತೊಡೆಯ ಬಲ, ಸಮತೋಲನ, ಗುಂಪಿನಲ್ಲಿ ಓಡುವ ಧೈರ್ಯ ಇವೆಲ್ಲ ರೋಲರ್‌ನಿಂದಲೇ ಬರಬಹುದು. ಬ್ಲೇಡಿನ ಅಂಚಿನ ಮೇಲಿನ ಹಿಡಿತ ಮಾತ್ರ ಮಂಜುಗಡ್ಡೆಯ ಮೇಲೆ ಗಂಟೆಗಟ್ಟಲೆ ಕಳೆದರೇ ಬರುವುದು.

ಆ ಗಂಟೆಗಳು ಸಿಗುವುದೆಲ್ಲಿ? ಹೈದರಾಬಾದ್‌ನ ಸ್ನೋ ವರ್ಲ್ಡ್ ಮನರಂಜನೆಯ ಜಾಗ, ಸ್ಪರ್ಧಾತ್ಮಕ ತರಬೇತಿಗೆ ಕಟ್ಟಿದ್ದಲ್ಲ. 1920ರಲ್ಲಿ ಶುರುವಾದ ಶಿಮ್ಲಾದ ಬಯಲು ರಿಂಕ್ ಚಳಿಗಾಲದಲ್ಲಿ ಮಾತ್ರ ತೆರೆದಿರುತ್ತದೆ. 2011ರ ದಕ್ಷಿಣ ಏಷ್ಯಾ ಚಳಿಗಾಲದ ಕೂಟಕ್ಕೆಂದು ಡೆಹ್ರಾಡೂನ್‌ನಲ್ಲಿ ಕಟ್ಟಿದ ಒಳಾಂಗಣ ರಿಂಕ್ ವರ್ಷಗಟ್ಟಲೆ ಬಾಗಿಲು ಹಾಕಿತ್ತು. ಅದು 2025ರಲ್ಲಿ ಮತ್ತೆ ತೆರೆದು, ಅದೇ ಆಗಸ್ಟ್‌ನಲ್ಲಿ ಏಷ್ಯನ್ ಓಪನ್ ಶಾರ್ಟ್ ಟ್ರ್ಯಾಕ್ ಸ್ಪರ್ಧೆ ನಡೆಸಿದ್ದು ದೊಡ್ಡ ಬದಲಾವಣೆ. ಆದರೂ ಮೆಹದಿಪಟ್ಟಣಂನ ಕುಟುಂಬಕ್ಕೆ ಅದು ನೇರ ರೇಖೆಯಲ್ಲಿ 1,400 ಕಿ.ಮೀ. ದೂರ. ಪ್ರಯಾಣ, ವಸತಿ, ಬ್ಲೇಡ್, ಶಾಲೆಯ ರಜೆ ಎಲ್ಲವನ್ನೂ ಮನೆಯವರೇ ಹೊಂದಿಸಬೇಕು.

ಹಿಮವಿಲ್ಲದ ದೇಶಗಳು ಗೆದ್ದದ್ದು ಹೇಗೆ?

ಗ್ಯಾಂಗ್‌ವಾನ್ 2024ರ ಮೊನೊಬಾಬ್ ಇದಕ್ಕೆ ಉತ್ತರ. ಒಬ್ಬರೇ ಸ್ಲೆಡ್ ತಳ್ಳಿ ಓಡಿ, ಹಾರಿ ಕುಳಿತು, ಮಂಜಿನ ಇಳಿಜಾರಿನಲ್ಲಿ ನಡೆಸುವ ಸ್ಪರ್ಧೆ ಇದು. ಬಾಲಕರಲ್ಲಿ ಟುನೀಶಿಯಾದ ಜೊನಾಥನ್ ಲೂರಿಮಿ, ಬಾಲಕಿಯರಲ್ಲಿ ಥಾಯ್ಲೆಂಡ್‌ನ ಆಗ್ನೆಸೆ ಕ್ಯಾಂಪಿಯೋಲ್ ಬೆಳ್ಳಿ ಗೆದ್ದರು. ಇದೇ ಕೂಟದ ಸ್ನೋಬೋರ್ಡ್ ಕ್ರಾಸ್‌ನಲ್ಲಿ ಬ್ರೆಜಿಲ್‌ನ ಜಿಯಾನ್ ಬೆತೋನಿಕೊ ಕಂಚು ಪಡೆದರು. ಮೂರೂ ದೇಶಗಳಿಗೆ ಚಳಿಗಾಲದ ಯುವ ಒಲಿಂಪಿಕ್ಸ್‌ನಲ್ಲಿ ಅದು ಮೊದಲ ಪದಕ.

ಮೊನೊಬಾಬ್‌ನ ಈ ಯಶಸ್ಸಿನ ಹಿಂದೆ ಯೋಜನೆಯಿತ್ತು. 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್ ನಂತರ ಅಲ್ಲಿನ ಟ್ರ್ಯಾಕ್ ಖಾಲಿ ಬಿಡದೆ, ಹಿಮವಿಲ್ಲದ ದೇಶಗಳ ಹದಿಹರೆಯದವರನ್ನು ಕರೆಸಿ ತರಬೇತಿ ಕೊಡುವ ಕಾರ್ಯಕ್ರಮ ನಡೆಸಲಾಯಿತು. ಕೋಚ್, ಸ್ಲೆಡ್, ಟ್ರ್ಯಾಕ್ ಎಲ್ಲವೂ ಒಂದೇ ಕಡೆ ದೊರೆತವು. ಟ್ರ್ಯಾಕ್ ತಮ್ಮ ದೇಶದಲ್ಲಿ ಇರಲೇಬೇಕೆಂದಿಲ್ಲ, ಸಕಾಲಕ್ಕೆ ಮಕ್ಕಳ ಕೈಗೆಟುಕಿದರೆ ಸಾಕು ಎಂಬುದನ್ನು ಈ ಪದಕಗಳು ತೋರಿಸಿದವು.

ಪೋಷಕರು, ಕ್ಲಬ್‌ಗಳು ಏನು ಮಾಡಬಹುದು?

ರೋಲರ್‌ನಲ್ಲಿ ಚುರುಕಾಗಿರುವ ಮಕ್ಕಳನ್ನು 10-11ನೇ ವಯಸ್ಸಿನಲ್ಲೇ ಗುರುತಿಸಿ ರಜೆಯ ಶಿಬಿರಗಳಿಗಾದರೂ ಮಂಜುಗಡ್ಡೆಗೆ ಕಳಿಸುವುದು ಮೊದಲ ಹೆಜ್ಜೆ. ಐಸ್ ಸ್ಕೇಟಿಂಗ್‌ನ ರಾಜ್ಯ ಘಟಕದಲ್ಲಿ ನೋಂದಣಿ ಎರಡನೆಯದು. ರಾಷ್ಟ್ರೀಯ ಸ್ಪರ್ಧೆ, ಅಲ್ಲಿಂದ ಕಿರಿಯರ ಅಂತರರಾಷ್ಟ್ರೀಯ ಸ್ಪರ್ಧೆಗಳು ನಂತರದ ಮೆಟ್ಟಿಲು. ದೇಶದ ತಂಡವನ್ನು ಕಳಿಸುವುದು ಭಾರತೀಯ ಒಲಿಂಪಿಕ್ ಸಂಸ್ಥೆ. ಸರ್ಕಾರಗಳು ದಕ್ಷಿಣದ ಮಕ್ಕಳಿಗೆ ಡೆಹ್ರಾಡೂನ್ ರಿಂಕ್‌ನಲ್ಲಿ ನಿಯಮಿತ ಶಿಬಿರ, ಪ್ರಯಾಣ ಭತ್ಯೆ ಕೊಟ್ಟರೆ ಹೊಸ ರಿಂಕ್ ಕಟ್ಟುವ ಮೊದಲೇ ಫಲ ಕಾಣಬಹುದು.

ಒಂದು ಕೂಟ ತಪ್ಪಿದರೆ ಎಲ್ಲವೂ ಮುಗಿಯಿತು ಎಂದಲ್ಲ. ಎರಿನ್ ಜಾಕ್ಸನ್ ಒಲಿಂಪಿಕ್ ಚಿನ್ನ ಗೆದ್ದದ್ದು 29ನೇ ವಯಸ್ಸಿನಲ್ಲಿ. ಆದರೆ ಯುವ ಒಲಿಂಪಿಕ್ಸ್ ಬಾಗಿಲು ಅಷ್ಟು ದಿನ ಕಾಯುವುದಿಲ್ಲ. 2028ಕ್ಕೆ ಅರ್ಹರಾಗುವ ಮಕ್ಕಳು ಈಗಾಗಲೇ ಶಾಲೆಯ ಬೆಂಚಿನ ಮೇಲಿದ್ದಾರೆ. 2032ರ ಕೂಟದ ವಯಸ್ಸಿಗೆ ಬರುವವರೂ ಅಷ್ಟೇ, ಪ್ರಾಥಮಿಕ ತರಗತಿಗಳಲ್ಲಿದ್ದಾರೆ. ಅವರಲ್ಲಿ ಯಾರಾದರೂ ಮೆಹದಿಪಟ್ಟಣಂನಿಂದ ಹೋಗಬೇಕಾದರೆ, ಕಾಲಿಗೆ ಬ್ಲೇಡ್ ಕಟ್ಟುವ ಕಾಲ ಇದೇ.