ಹುರುಳಿ ಎತ್ತಿಗೆ, ಬಾದಾಮಿ ನಮಗೆ?

ಮನೆಗೆ ನೆಂಟರು ಬಂದರೆ ನಮ್ಮ ಮುಳಬಾಗಿಲು ಕಡೆ ಮೊದಲು ಮರೆಯಾಗುವುದು ಮುದ್ದೆ ಪಾತ್ರೆ. ಅಂಗಡಿಯಿಂದ ಎರಡು ಕೆ.ಜಿ. ಸಣ್ಣಕ್ಕಿ ಸಾಲದ ಪುಸ್ತಕಕ್ಕೆ ಬರೆಸಿ ತರುತ್ತೇವೆ. ಅನ್ನ, ಬೇಳೆಸಾರು, ಹಪ್ಪಳ. ನೆಂಟರೂ ಬೆಳಿಗ್ಗೆ ತಮ್ಮ ಮನೆಯಲ್ಲಿ ಮುದ್ದೆ ಉಂಡೇ ಬಸ್ಸು ಹತ್ತಿರುತ್ತಾರೆ. ಆ ಮಾತನ್ನು ಇಬ್ಬರೂ ಎತ್ತುವುದಿಲ್ಲ.

ಕೂಲಿಯಲ್ಲೋ, ಸಣ್ಣ ಸಂಬಳದಲ್ಲೋ ನಡೆಯುವ ಮನೆಗೆ ಪ್ರತಿ ರೂಪಾಯಿಯ ಲೆಕ್ಕವೂ ಗೊತ್ತು. ಆದರೂ ತಿಂಗಳ ಕೊನೆಗೆ ಕೈ ಖಾಲಿ. ದುಡ್ಡು ಎಲ್ಲಿ ಸೋರಿತು ಎಂದು ಹುಡುಕಿದರೆ ಹಲವು ಸಲ ಸಿಗುವುದು ಒಂದೇ ತೂತು: ಅಗ್ಗದ್ದು ಕೀಳು, ದುಬಾರಿಯದು ಮೇಲು ಎಂಬ ನಂಬಿಕೆ. ಅದರ ಮರಿಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: “ಮುದ್ದೆ ಬಡವರ ಊಟ. ಮಕ್ಕಳಿಗೆ ಅನ್ನ ಹಾಕಿದರೇ ಶಕ್ತಿ.”

ಸತ್ಯ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶ ಇದೆ. ಅಷ್ಟೇ ತೂಕದ ಪಾಲಿಶ್ ಅಕ್ಕಿಯಲ್ಲಿ ಅದು ಹತ್ತು ಮಿಲಿಗ್ರಾಂ ಕೂಡ ಇಲ್ಲ. ನಾರು ಅಕ್ಕಿಯ ಮೂರು ಪಟ್ಟಿಗಿಂತ ಹೆಚ್ಚು, ಕಬ್ಬಿಣವೂ ಹೆಚ್ಚು. ಸಾಧಾರಣ ಗಾತ್ರದ ಒಂದು ಮುದ್ದೆಗೆ 80ರಿಂದ 100 ಗ್ರಾಂ ಹಿಟ್ಟು ಬೇಕು. ದೊಡ್ಡವರಿಗೆ ದಿನಕ್ಕೆ ಬೇಕಾದ ಸುಣ್ಣದಂಶ ಸಾವಿರ ಮಿಲಿಗ್ರಾಂ. ರಾಗಿಯಲ್ಲಿರುವುದೆಲ್ಲ ಮೈಗೆ ಹತ್ತುವುದಿಲ್ಲ ನಿಜ, ಆದರೂ ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಸುಣ್ಣ ಕೊಡುವ ಧಾನ್ಯ ಅಂಗಡಿಯಲ್ಲಿ ಇನ್ನೊಂದಿಲ್ಲ.

ಹಾಗೆಂದು ಮುದ್ದೆಯನ್ನು ದೇವರು ಮಾಡಿ ಕೂರಿಸುವುದೂ ಬೇಡ. ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಎಂಬ ಗಾದೆಯವನು ಹಿಟ್ಟಿನ ಜೊತೆ ಕಾಳನ್ನೂ ತಿಂದಿರಬೇಕು. ರಾಗಿಯಲ್ಲೂ ಅಕ್ಕಿಯಲ್ಲೂ ಪ್ರೋಟೀನು ನೂರಕ್ಕೆ ಏಳೆಂಟು ಗ್ರಾಂ ಅಷ್ಟೆ. ಅದರಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಆ ಕೊರತೆ ತುಂಬುವುದು ಕಾಳು, ಬೇಳೆ. ನೀರುಸಾರಿನಲ್ಲಿ ಮುದ್ದೆ ಅದ್ದಿ ನುಂಗಿದರೆ ಹೊಟ್ಟೆ ತುಂಬುತ್ತದೆ, ಮಗು ಬೆಳೆಯುವುದಿಲ್ಲ. “ಮುದ್ದೆ ತಿನ್ನೋರಿಗೆ ಶುಗರ್ ಬರಲ್ಲ” ಅನ್ನುವುದೂ ಅಷ್ಟೇ ಹುಸಿ. ರಾಗಿಯ ತೂಕದಲ್ಲಿ ಮೂರನೇ ಎರಡು ಭಾಗ ಪಿಷ್ಟವೇ. ಸಕ್ಕರೆ ಕಾಯಿಲೆ ಇರುವವರು ಅನ್ನದ ತುತ್ತು ಎಣಿಸುವಂತೆ ಮುದ್ದೆಯನ್ನೂ ಎಣಿಸಬೇಕು.

ತಪ್ಪು ಕಲ್ಪನೆ: “ಹುಳ್ಳಿಕಾಳು ಎತ್ತಿಗೆ, ಕುದುರೆಗೆ. ಮನುಷ್ಯರಿಗೆ ಬಾದಾಮಿ, ಗೋಡಂಬಿ.”

ಸತ್ಯ: ಹುರುಳಿಯಲ್ಲಿ ನೂರಕ್ಕೆ 21-22 ಗ್ರಾಂ ಪ್ರೋಟೀನು ಇದೆ, ತೊಗರಿಬೇಳೆಗೆ ಸರಿಸಮ. ಕಬ್ಬಿಣ ತೊಗರಿಬೇಳೆಯ ಎರಡರಷ್ಟು, ಸುಣ್ಣದಂಶ ಮೂರು ಪಟ್ಟಿಗೂ ಮೇಲೆ. ಇನ್ನು ಬಾದಾಮಿ: ಪ್ರೋಟೀನಿನಲ್ಲಿ ಅದಕ್ಕಿಂತ ನಮ್ಮ ಕಡಲೆಕಾಯಿ ಬೀಜವೇ ಒಂದು ಕೈ ಮೇಲು. ಮಗುವಿಗೆ ದಿನಕ್ಕೆ ಎರಡು ಬಾದಾಮಿ ನೆನೆಸಿಟ್ಟು ಸಮಾಧಾನಪಡುವ ಬದಲು ಒಂದು ಹಿಡಿ ಹುರಿದ ಕಡಲೆಬೀಜ ಜೇಬಿಗೆ ಹಾಕಿ ಕಳಿಸಿದರೆ ಲಾಭ.

ಬಸ್ಸಾರು ಮಾಡುವಾಗ ನಡೆಯುವ ಒಂದು ಚಿಕ್ಕ ತಪ್ಪನ್ನು ಹತ್ತಿರದಿಂದ ನೋಡಿ. ರಾತ್ರಿ ನೆನೆಸಿದ ಹುರುಳಿಯನ್ನು ಬೇಯಿಸಿ, ಪಾತ್ರೆ ವಾರೆ ಮಾಡಿ ಕಟ್ಟು ಬಸಿಯುತ್ತೇವೆ. ಕೆಂಪಗೆ, ಮಣ್ಣಿನ ವಾಸನೆಯ ಆ ಕಟ್ಟಿಗೆ ಹುಣಸೆಹುಳಿ, ಹುರಿದ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಒಂದು ಹಿಡಿ ಬೆಂದ ಕಾಳನ್ನೇ ರುಬ್ಬಿ ಹಾಕಿದರೆ ಸಾರು. ಉಳಿದ ಕಾಳಿನ ಗತಿ? ಕೆಲವು ಮನೆಗಳಲ್ಲಿ “ಸತ್ವವೆಲ್ಲ ಕಟ್ಟಲ್ಲಿ ಬಂತು” ಎಂದು ಅದನ್ನು ಹಸುವಿನ ಬಾನಿಗೆ ಸುರಿಯುತ್ತಾರೆ. ಕಟ್ಟಿಗೆ ಇಳಿಯುವುದು ಖನಿಜ, ಒಂದಿಷ್ಟು ವಿಟಮಿನ್, ಸ್ವಲ್ಪ ಪ್ರೋಟೀನು. ಬಹುಪಾಲು ಪ್ರೋಟೀನೂ ನಾರೂ ಕಾಳಲ್ಲೇ ಕೂತಿರುತ್ತದೆ. ಒಗ್ಗರಣೆಗೆ ಈರುಳ್ಳಿ ಹಾಕಿ ಕಾಳನ್ನು ಪಲ್ಯ ಮಾಡಿದರೆ ಒಂದೇ ಬೇಯಿಸುವಿಕೆಗೆ ಎರಡು ಪದಾರ್ಥ. ಗಡಿ ದಾಟಿದರೆ ಆಂಧ್ರದಲ್ಲಿ ಇದೇ ಹುರುಳಿ ‘ಉಲವಚಾರು’ ಎಂಬ ಹೆಸರಲ್ಲಿ ಮದುವೆ ಊಟದ ಎಲೆಗೆ ಬರುತ್ತದೆ.

ತಪ್ಪು ಕಲ್ಪನೆ: “ರೇಷನ್ ಅಕ್ಕಿಯಲ್ಲಿ ಪ್ಲಾಸ್ಟಿಕ್ ಬೆರೆಸಿದ್ದಾರೆ. ನೀರಲ್ಲಿ ತೇಲುತ್ತೆ, ನೋಡಿ.”

ಸತ್ಯ: ತೇಲುವುದು ನಿಜ, ಪ್ಲಾಸ್ಟಿಕ್ ಎನ್ನುವುದು ಸುಳ್ಳು. ಅಕ್ಕಿ ತೊಳೆಯುವಾಗ ಮೇಲೆ ಬರುವ ಆ ಹಳದಿ ಛಾಯೆಯ ಕಾಳು ಸಾರವರ್ಧಿತ ಅಕ್ಕಿಯದು. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ-12 ವಿಟಮಿನ್ ಬೆರೆಸಿ, ಯಂತ್ರದಲ್ಲಿ ಶ್ಯಾವಿಗೆಯಂತೆ ಒತ್ತಿ, ಅಕ್ಕಿಯ ಆಕಾರಕ್ಕೆ ಕತ್ತರಿಸಿದ ಕಾಳು ಅದು. ನೂರು ಕಾಳಿಗೆ ಒಂದರ ಲೆಕ್ಕದಲ್ಲಿ ಸಾಮಾನ್ಯ ಅಕ್ಕಿಗೆ ಸೇರಿಸುತ್ತಾರೆ. ಒತ್ತಿ ಮಾಡಿದ್ದರಿಂದ ಬಣ್ಣ, ತೂಕ ಬೇರೆ, ಅದಕ್ಕೇ ತೇಲುತ್ತದೆ. ಅನುಮಾನವಿದ್ದರೆ ಅಂಥ ನಾಲ್ಕು ಕಾಳು ಆರಿಸಿ ಕುದಿಯುವ ನೀರಿಗೆ ಹಾಕಿ: ಅನ್ನದಂತೆ ಬೆಂದು ಬೆರಳಲ್ಲಿ ನುಣ್ಣಗಾಗುತ್ತದೆ. ಪ್ಲಾಸ್ಟಿಕ್ ಹಾಗೆ ಬೇಯುವುದಿಲ್ಲ. ರಕ್ತಹೀನತೆ ಇರುವ ಹೆಣ್ಣುಮಕ್ಕಳ ಮನೆಯಲ್ಲಿ ಆ ಕಾಳನ್ನೇ ಹೆಕ್ಕಿ ಎಸೆಯುವುದೆಂದರೆ ಬಂದ ಔಷಧವನ್ನು ಮೋರಿಗೆ ಚೆಲ್ಲಿದಂತೆ. ಥಲಸ್ಸೀಮಿಯಾದಂಥ ರಕ್ತದ ಕಾಯಿಲೆ ಇರುವವರು ಮಾತ್ರ ವೈದ್ಯರನ್ನು ಕೇಳಿ ತಿನ್ನಬೇಕು.

ತಪ್ಪು ಕಲ್ಪನೆ: “ರೇಷನ್ ಅಕ್ಕಿ ಮಾರಿ ಸೋನಾ ಮಸೂರಿ ತಂದರೆ ಜಾಣತನ.”

ಸತ್ಯ: ಲೆಕ್ಕ ಹಾಕಿ. ನಾಲ್ಕು ಜನರ ಕಾರ್ಡಿಗೆ ತಲಾ 5 ಕೆ.ಜಿ.ಯಂತೆ 20 ಕೆ.ಜಿ. ಧಾನ್ಯ ಬಂತು, ಎಲ್ಲ ಅಕ್ಕಿಯೇ ಎಂದಿಟ್ಟುಕೊಳ್ಳಿ. ಕೆ.ಜಿ.ಗೆ 15 ರೂಪಾಯಿಯಂತೆ ಮಾರಿದರೆ ಕೈಗೆ 300. ಅಂಗಡಿಯ ಅಕ್ಕಿ 60 ರೂಪಾಯಿ ಆದರೆ ಆ ದುಡ್ಡಿಗೆ 5 ಕೆ.ಜಿ. ಬರುತ್ತದೆ. ಹದಿನೈದು ಕೆ.ಜಿ. ಅಕ್ಕಿ ಗಾಳಿಗೆ ಹೋಯಿತು. ಮೇಲಾಗಿ ಪಡಿತರ ಮಾರುವುದು ಅಪರಾಧ, ಕಾರ್ಡಿಗೇ ಕುತ್ತು. ದಪ್ಪ ಅಕ್ಕಿಯ ಅನ್ನ ಗಂಟಲಲ್ಲಿ ಇಳಿಯದಿದ್ದರೆ ದೋಸೆಗೆ ನೆನೆಸಿ. ದೋಸೆಗೇ ಹೆಸರಾದ ಊರಿನವರಿಗೆ ಇದನ್ನು ಬೇರೆ ಹೇಳಿಕೊಡಬೇಕೆ? ದೋಸೆ ಹಿಟ್ಟಿಗೆ ಸಾಮಾನ್ಯವಾಗಿ ಸಣ್ಣಕ್ಕಿ ಹಾಕುವುದಿಲ್ಲ, ದಪ್ಪ ಅಕ್ಕಿಯೇ ಒಪ್ಪುವುದು. ಉದ್ದಿನ ಜೊತೆ ರಾತ್ರಿಯಿಡೀ ಹುದುಗಿದರೆ ರುಚಿಯೂ ಏರುತ್ತದೆ, ಅರಗುವುದೂ ಸುಲಭ.

ತಪ್ಪು ಕಲ್ಪನೆ: “ಡಬ್ಬಿಯ ಪುಡಿ ಹಾಲಿಗೆ ಹಾಕಿ ಕೊಟ್ಟರೆ ಮಗು ಉದ್ದ ಬೆಳೆಯುತ್ತೆ.”

ಸತ್ಯ: ಇಂಥ ಎಷ್ಟೋ ಪುಡಿಗಳಲ್ಲಿ ದೊಡ್ಡ ಪಾಲು ಸಕ್ಕರೆ. ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರ ಓದಿದರೆ ತಿಳಿಯುತ್ತದೆ. ನಮ್ಮ ಆಹಾರ ಸುರಕ್ಷತಾ ಕಾನೂನಿನಲ್ಲಿ ‘ಹೆಲ್ತ್ ಡ್ರಿಂಕ್’ ಎಂಬ ವರ್ಗವೇ ಇಲ್ಲ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಇಂಥ ಪಾನೀಯಗಳನ್ನು ಆ ಹೆಸರಿನ ಪಟ್ಟಿಯಿಂದ ತೆಗೆಯಿರಿ ಎಂದು ಆನ್‌ಲೈನ್ ಮಾರಾಟಗಾರರಿಗೆ ಸೂಚಿಸಿತ್ತು.

ಅಜ್ಜಿಯರ ರಾಗಿ ಸರಿ ಇದಕ್ಕಿಂತ ಬುದ್ಧಿವಂತಿಕೆಯದು. ರಾಗಿ ನೆನೆಸಿ, ಬಟ್ಟೆಯಲ್ಲಿ ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸಿದ ಹಿಟ್ಟಿನ ಗಂಜಿ ಗಟ್ಟಿಯಾಗದು. ಮೊಳಕೆಯಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆದು ಗಂಜಿಯನ್ನು ತೆಳುವಾಗಿಸುತ್ತದೆ. ಹಾಗಾಗಿ ಅದೇ ಬಟ್ಟಲಿಗೆ ಹೆಚ್ಚು ಹಿಟ್ಟು ಹಿಡಿಯುತ್ತದೆ, ಪುಟ್ಟ ಹೊಟ್ಟೆಗೆ ಹೆಚ್ಚು ಆಹಾರ ಸೇರುತ್ತದೆ. ಮೊಟ್ಟೆಯದೂ ಇದೇ ಕತೆ. ನಾಟಿ ಮೊಟ್ಟೆಗೆ ಎರಡರಷ್ಟು ಕೊಡುತ್ತೇವೆ. ತೂಕಕ್ಕೆ ತೂಕ ಹಿಡಿದರೆ ಪ್ರೋಟೀನಿನಲ್ಲಿ ಫಾರಂ ಮೊಟ್ಟೆಗೂ ಅದಕ್ಕೂ ಹೇಳುವಂಥ ವ್ಯತ್ಯಾಸವಿಲ್ಲ. ಚಿಪ್ಪಿನ ಬಣ್ಣ ಕೋಳಿಯ ತಳಿಯದು, ಭಂಡಾರದ ಬಣ್ಣ ಅದು ತಿಂದ ಮೇವಿನದು. ರುಚಿಗಾಗಿ ಕೊಳ್ಳುವುದಾದರೆ ಕೊಳ್ಳಿ. ಶಕ್ತಿಗಾಗಿ ಒಂದು ನಾಟಿಯ ದುಡ್ಡಿಗೆ ಎರಡು ಫಾರಂ ಮೊಟ್ಟೆ ಮೇಲು.

ತಪ್ಪು ಕಲ್ಪನೆ: “ಟೊಮೆಟೊ ಬೆಳೆಯೋ ಊರು. ನಮಗೇನು, ಯಾವಾಗಲೂ ಅಗ್ಗ.”

ಸತ್ಯ: ಕೋಲಾರದ ಎಪಿಎಂಸಿಯಲ್ಲೂ ನಮ್ಮ ವಡ್ಡಹಳ್ಳಿ ಮಾರುಕಟ್ಟೆಯಲ್ಲೂ ಕೂಗುವ ಬೆಲೆ ದೂರದ ರಾಜ್ಯಗಳ ಬೇಡಿಕೆಯದು. 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸು 2,000 ರೂಪಾಯಿ ದಾಟಿದಾಗ ಬೆಳೆಯುವ ಊರಿನ ಅಡುಗೆಮನೆಗಳೂ ಟೊಮೆಟೊ ಬಿಟ್ಟವು. ಸಾರಿಗೆ ಬೇಕಾದದ್ದು ಹುಳಿ. ಬೇಸಿಗೆಯಲ್ಲಿ ಬಿಡಿಸಿ, ಉಪ್ಪು ಬೆರೆಸಿ ಮಡಕೆಯಲ್ಲಿಟ್ಟ ಹುಣಸೆಹಣ್ಣು ವರ್ಷವಿಡೀ ಆ ಕೆಲಸ ಮಾಡುತ್ತದೆ.

ತಪ್ಪು ಕಲ್ಪನೆ: “ಬೇಳೆ ಬೇಯದಿದ್ದರೆ ಬೇಳೆ ಸರಿಯಿಲ್ಲ. ಬಟ್ಟೆ ಬೆಳ್ಳಗಾಗದಿದ್ದರೆ ಸೋಪು ಸಾಲದು.”

ಸತ್ಯ: ಎರಡರ ಕಳ್ಳನೂ ಒಬ್ಬನೇ: ನೀರು. ವರ್ಷವಿಡೀ ಹರಿಯುವ ನದಿ ಇಲ್ಲದ ಜಿಲ್ಲೆ ನಮ್ಮ ಕೋಲಾರ. ಸಾವಿರ ಅಡಿಗೂ ಆಳದ ಬೋರ್‌ವೆಲ್‌ಗಳಿಂದ ಬರುವ ನೀರು ಬಹಳ ಕಡೆ ಗಡಸು, ಅಂದರೆ ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚು.

ಎರಡು ಲೋಟ ತೆಗೆದುಕೊಳ್ಳಿ. ಒಂದಕ್ಕೆ ಶುದ್ಧ ನೀರಿನ ಘಟಕದ ಕ್ಯಾನಿನ ನೀರು, ಇನ್ನೊಂದಕ್ಕೆ ಬೋರ್ ನೀರು ಹಾಕಿ, ಎರಡಕ್ಕೂ ಸಮನಾಗಿ ಎಣ್ಣೆ ಸೋಪಿನ ಚೂರು ತುರಿದು ಬಿಡಿ. ಅಂಗೈ ಮುಚ್ಚಿ ಕುಲುಕಿ. ಮೊದಲನೆಯದರಲ್ಲಿ ನೊರೆ ಉಕ್ಕುತ್ತದೆ. ಎರಡನೆಯದರಲ್ಲಿ ಒಡೆದ ಹಾಲಿನಂತೆ ಬಿಳಿ ಗರಣೆ ತೇಲುತ್ತದೆ. ಆ ಗರಣೆ ನಿಮ್ಮ ಸೋಪಿನ ದುಡ್ಡು. ಅದೇ ಬಟ್ಟೆಯ ಎಳೆಗೆ ಮೆತ್ತಿಕೊಂಡು ಬಿಳಿ ಅಂಗಿಯನ್ನು ಬೂದು ಮಾಡುತ್ತದೆ, ಟವಲನ್ನು ರಟ್ಟು ಮಾಡುತ್ತದೆ. ನೀವು ಇನ್ನಷ್ಟು ಸೋಪು ತಿಕ್ಕುತ್ತೀರಿ, ಬಟ್ಟೆ ಇನ್ನಷ್ಟು ಸವೆಯುತ್ತದೆ. ಗಡಸು ನೀರಿಗೆ ಡಿಟರ್ಜೆಂಟ್ ಪುಡಿ ವಾಸಿ, ಅದು ಹೀಗೆ ಒಡೆಯುವುದಿಲ್ಲ. ಮಳೆಗಾಲದಲ್ಲಿ ಮಾಳಿಗೆಯ ನೀರು ಡ್ರಮ್ಮಿಗೆ ಹಿಡಿದಿಟ್ಟರೆ ಅದಕ್ಕಿಂತ ಒಳ್ಳೆಯ ಒಗೆಯುವ ನೀರಿಲ್ಲ.

ಕಾಳಿನ ಸಿಪ್ಪೆ, ಬೇಳೆಯ ತಿರುಳುಗಳನ್ನು ಗಟ್ಟಿ ಮಾಡುವುದೂ ಅದೇ ಕ್ಯಾಲ್ಸಿಯಂ. ಚಿಟಿಕೆ ಸೋಡಾ ಹಾಕಿದರೆ ಬೇಗ ಬೇಯುತ್ತದೆ, ಜೊತೆಗೆ ಬಿ-1 ವಿಟಮಿನ್ ನಾಶವಾಗುತ್ತದೆ. ಅದರ ಬದಲು ಬೇಳೆ, ಕಾಳನ್ನು ಮೊದಲೇ ನೆನೆಸಿ, ಕ್ಯಾನಿನ ನೀರಲ್ಲಿ ಬೇಯಿಸಿ. ಹುಣಸೆಹುಳಿ, ಟೊಮೆಟೊ ಬೆಂದ ಮೇಲೆ ಹಾಕಿ. ಹುಳಿ ಬಿದ್ದ ಕಾಳು ಬೇಗ ಮೆತ್ತಗಾಗುವುದಿಲ್ಲ. ಐದು ರೂಪಾಯಿ ಕಾಯಿನ್ನಿಗೆ ಇಪ್ಪತ್ತು ಲೀಟರ್ ಸಿಗುವ ಕಡೆ ಒಂದು ಕುಕ್ಕರಿನ ನೀರಿಗೆ ಬೀಳುವುದು ಪೈಸೆಗಳ ಲೆಕ್ಕ, ಉಳಿಯುವುದು ಗ್ಯಾಸು. ಇನ್ನೊಂದು ಮಾತು: ಫ್ಲೋರೈಡ್ ಇರುವ ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗದು. ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ.

ತಪ್ಪು ಕಲ್ಪನೆ: “ಕಡಿಮೆ ಬೆಲೆಯ ಬಟ್ಟೆ ತಂದರೆ ಉಳಿತಾಯ. ಹಳೆಯದು ಹಾಕಿದರೆ ಮರ್ಯಾದೆ ಹೋಗುತ್ತೆ.”

ಸತ್ಯ: ಬಟ್ಟೆಯ ಬೆಲೆಯನ್ನು ತೊಟ್ಟ ದಿನಗಳಿಂದ ಭಾಗಿಸಿ. 250 ರೂಪಾಯಿಯ ಅಂಗಿ ಇಪ್ಪತ್ತು ಸಲ ಒಗೆದಾಗ ಹಿಂಜಿತು ಅಂದರೆ ಒಂದು ಸಲಕ್ಕೆ ಹನ್ನೆರಡೂವರೆ ರೂಪಾಯಿ. 500ರದು ನೂರು ಸಲ ಬಂದರೆ ಐದೇ ರೂಪಾಯಿ. ಹಾಗಂತ ಬೆಲೆ ಹೆಚ್ಚಿದ್ದೆಲ್ಲ ಬಾಳುತ್ತದೆ ಎಂದೂ ಅಲ್ಲ. ಅಂಗಡಿಯಲ್ಲಿ ಅಂಗಿಯನ್ನು ಒಳಮಗ್ಗುಲು ತಿರುಗಿಸಿ ನೋಡಿ: ಹೊಲಿಗೆ ಒತ್ತಾಗಿದೆಯೇ, ಅಂಚಿಗೆ ಬಟ್ಟೆ ಬಿಟ್ಟಿದ್ದಾರೆಯೇ, ಬೆಳಕಿಗೆ ಹಿಡಿದರೆ ಜರಡಿಯಂತೆ ಕಾಣುತ್ತದೆಯೇ. ಬೆಲೆಚೀಟಿಗಿಂತ ಇವು ಹೆಚ್ಚು ಹೇಳುತ್ತವೆ. ಸಮವಸ್ತ್ರ ಹೊಲಿಸುವಾಗ ದರ್ಜಿಗೆ ಒಂದು ಮಾತು ಹೇಳಿ: ಲಂಗ, ಪ್ಯಾಂಟಿನ ಅಡಿಯಲ್ಲಿ ಮೂರು ಬೆರಳು ಮಡಿಕೆ ಒಳಗೆ ಬಿಡಲಿ. ಮುಂದಿನ ಜೂನ್‌ಗೆ ಆ ಮಡಿಕೆ ಬಿಚ್ಚಿದರೆ ಇನ್ನೊಂದು ವರ್ಷ ಬರುತ್ತದೆ.

ಬಣ್ಣ ಬಿಡದಿರಲೆಂದು ಹೊಸ ಬಟ್ಟೆಯನ್ನು ಉಪ್ಪುನೀರಲ್ಲಿ ನೆನೆಸುವ ಪದ್ಧತಿಯಿದೆ. ಉಪ್ಪಿನ ಕೆಲಸ ಬಣ್ಣ ಹಾಕುವ ತೊಟ್ಟಿಯಲ್ಲಿ. ಅಲ್ಲಿ ಸರಿಯಾಗಿ ಹಿಡಿಯದ ಬಣ್ಣವನ್ನು ಮನೆಯ ಬಕೆಟ್ಟಿನ ಉಪ್ಪು ಹಿಡಿದು ನಿಲ್ಲಿಸಲಾರದು. ಬೇರೆಯಾಗಿ ಒಗೆದು, ಒಳಮಗ್ಗುಲು ತಿರುಗಿಸಿ, ನೆರಳಲ್ಲಿ ಒಣಗಿಸಿದರೆ ಸಾಕು.

ಇನ್ನು ಮರ್ಯಾದೆ. ನಮ್ಮ ಮನೆಗಳಲ್ಲಿ ಹುಟ್ಟಿದ ಕೂಸನ್ನು ಮೊದಲು ಸುತ್ತುವುದು ಹೊಸ ಬಟ್ಟೆಯಲ್ಲಲ್ಲ, ಒಗೆದೊಗೆದು ಮೆತ್ತಗಾದ ಅಜ್ಜಿಯ ಸೀರೆಯ ತುಂಡಿನಲ್ಲಿ. ಎಳೆ ಚರ್ಮಕ್ಕೆ ಒರಟು ಗಂಜಿ, ಹೊಸ ಬಣ್ಣ ತಾಗಬಾರದೆಂಬ ತಿಳಿವಳಿಕೆ ಅದು. ಅಕ್ಕನ ಲಂಗ ತಂಗಿಗೆ ಬಂದರೆ ಅದಕ್ಕಿಂತ ಕಡಿಮೆಯದೇನೂ ಆಗಲಿಲ್ಲ.

ತಪ್ಪು ಕಲ್ಪನೆ: “ದೊಡ್ಡ ಪ್ಯಾಕೇ ಯಾವಾಗಲೂ ಲಾಭ.”

ಸತ್ಯ: ಎಣ್ಣೆ, ಬೇಳೆಗೆ ಬಹುತೇಕ ನಿಜ. ಶಾಂಪೂವಿನಲ್ಲಿ ಅನೇಕ ಸಲ ಉಲ್ಟಾ: ಒಂದು ರೂಪಾಯಿಯ ಸ್ಯಾಶೆಯಲ್ಲೇ ಮಿಲಿಲೀಟರಿಗೆ ಕಡಿಮೆ ಬೀಳುತ್ತದೆ. ಊಹೆ ಬೇಡ, ಭಾಗಾಕಾರ ಮಾಡಿ. ಪ್ಯಾಕಿನ ಮೇಲೆ ಗ್ರಾಂಗೆ ಎಷ್ಟು ಎಂದು ಸಣ್ಣದಾಗಿ ಅಚ್ಚಾಗಿರುತ್ತದೆ, ಅದನ್ನು ಓದಿ.

ಈಗ ಬೆಂಗಳೂರು–ತಿರುಪತಿ ಹೆದ್ದಾರಿಗೆ ಬನ್ನಿ. ‘ನಾಟಿ ಊಟ, ಬಿಸಿ ಮುದ್ದೆ’ ಎಂದು ಬೋರ್ಡು ಹಾಕಿದ ಹೋಟೆಲುಗಳ ಮುಂದೆ ಕಾರುಗಳು ಸಾಲಾಗಿ ನಿಂತಿರುತ್ತವೆ. ಒಳಗೆ ಪಟ್ಟಣದವರು ಮುದ್ದೆ, ಹುರುಳಿ ಬಸ್ಸಾರು, ಸೊಪ್ಪಿನ ಪಲ್ಯಕ್ಕೆ ನಮ್ಮ ಒಂದು ಮನೆಯ ದಿನದ ಸಾಮಾನಿನಷ್ಟು ದುಡ್ಡು ಎಣಿಸಿ, ಫೋಟೋ ತೆಗೆದುಕೊಳ್ಳುತ್ತಿರುತ್ತಾರೆ. ಮುಂದಿನ ಸಲ ನೆಂಟರು ಬಂದಾಗ ಮುದ್ದೆ ಪಾತ್ರೆಯನ್ನು ಮರೆಗೆ ಸರಿಸಬೇಡಿ. ಅವರಿಗೂ ಹಸಿವಾಗಿರುತ್ತದೆ.