ಪಾಂಡುವೂ ಸತ್ಯಭಾಮೆಯೂ

ಹಾಸ್ಯ ಧಾರಾವಾಹಿ ನೋಡುವವರ ಮನೆಯಲ್ಲಿ ಒಂದು ವಿಚಿತ್ರವಾದ ಪಾತ್ರ ಹಂಚಿಕೆ ನಡೆಯುತ್ತದೆ. ‘ಪಾಪ ಪಾಂಡು’ವಿನ ಪಾಂಡು ಹೆಂಡತಿಯ ದನಿ ಕೇಳಿ ಬೆದರಿದೊಡನೆ ಮನೆಯೊಡತಿ ಗಂಡನ ಕಡೆಗೆ ನೋಡುತ್ತಾಳೆ. ‘ಸಿಲ್ಲಿ ಲಲ್ಲಿ’ಯ ಡಾಕ್ಟರ್ ವಿಠ್ಠಲರಾಯರು ತೆರೆಯ ಮೇಲೆ ಬಂದರೆ ಮಕ್ಕಳು ಒಮ್ಮೆಗೇ ಸೋದರಮಾವನ ಹೆಸರು ಹಿಡಿದು ಕೂಗುತ್ತಾರೆ. ಗೋಕಾಕದ ನನ್ನ ಬಂಧುಗಳ ಮನೆಯಲ್ಲಿ ಈ ಹಂಚಿಕೆ ಎಷ್ಟು ಖಚಿತವಾಗಿತ್ತೆಂದರೆ, ಸಮಾಜಸೇವಕಿ ಲಲಿತಾಂಬೆಯ ಪಾತ್ರವನ್ನು ಒಬ್ಬ ಅತ್ತಿಗೆಗೆ ಕೊಟ್ಟ ಮೇಲೆ ಇನ್ನಾರೂ ಅದನ್ನು ಕೇಳುವಂತಿರಲಿಲ್ಲ. ಕುತೂಹಲದ ಮಾತೆಂದರೆ, ಮೊದಮೊದಲು ಯಾರೂ ತಮ್ಮ ಪಾತ್ರವನ್ನು ತಾವೇ ಆರಿಸಿಕೊಳ್ಳುವುದಿಲ್ಲ. ಬೇರೆಯವರು ಹಚ್ಚುತ್ತಾರೆ, ನಾಲ್ಕಾರು ದಿನ ಪ್ರತಿಭಟನೆ ನಡೆಯುತ್ತದೆ, ಆಮೇಲೆ ಆ ವ್ಯಕ್ತಿ ಒಳಗೊಳಗೇ ಒಪ್ಪಿಕೊಂಡು ತನ್ನ ಪ್ರತಿರೂಪ ಬರುವ ಹೊತ್ತಿಗೆ ಕುರ್ಚಿಯನ್ನು ಮುಂದಕ್ಕೆಳೆದು ಕೂಡುತ್ತಾನೆ.

ದುರಂತ ನಾಟಕವನ್ನು ನೋಡುವಾಗ ಹೀಗಾಗುವುದಿಲ್ಲ. ಫ್ರಾನ್ಸಿನ ತತ್ವಜ್ಞಾನಿ ಬರ್ಗಸನ್ 1900ರಲ್ಲಿ ನಗೆಯನ್ನು ಕುರಿತು ಬರೆದ ಪ್ರಬಂಧದಲ್ಲಿ ಇದರ ಕಾರಣವನ್ನು ತಕ್ಕಮಟ್ಟಿಗೆ ಹೇಳಿದ್ದಾನೆ. ಅವನ ಪ್ರಕಾರ ದುರಂತದ ನಾಯಕ ಒಬ್ಬನೇ, ಅವನಂಥವನು ಇನ್ನೊಬ್ಬನಿಲ್ಲ. ಹಾಸ್ಯದ ಪಾತ್ರವೋ ಒಂದು ಮಾದರಿ. ಜಿಪುಣ, ಅಂಜುಬುರುಕ, ಬಡಾಯಿಕೋರ, ಇವರೆಲ್ಲ ಎಲ್ಲ ಊರಿನಲ್ಲಿಯೂ ಇದ್ದಾರೆ. ಜೀವಂತ ಮನುಷ್ಯ ಯಂತ್ರದಂತೆ ಒಂದೇ ಚಾಳಿಯನ್ನು ಮತ್ತೆ ಮತ್ತೆ ತೋರಿದಾಗ ನಗೆ ಹುಟ್ಟುತ್ತದೆಂದು ಅವನ ವಾದ. ಧಾರಾವಾಹಿಗೆ ಈ ಮಾತು ಹೇಳಿ ಮಾಡಿಸಿದಂತಿದೆ. ನೂರಾರು ಕಂತು ಕಳೆದರೂ ಪಾಂಡು ಕಲಿಯುವುದಿಲ್ಲ. ಸಂಸಾರದಲ್ಲಿಯೂ ಅಷ್ಟೇ ಅಲ್ಲವೆ? ಮದುವೆಯ ಹೊಸದರಲ್ಲಿ ಬಾಗಿಲ ಚಿಲಕಕ್ಕಾಗಿ ಆಡಿದ ಜಗಳವನ್ನೇ ದಂಪತಿಗಳು ಮುಪ್ಪಿನಲ್ಲಿಯೂ ಆಡುತ್ತಿರುತ್ತಾರೆ.

ಇಷ್ಟರವರೆಗೆ ಗೋಕಾಕದ ನೋಟಕನಿಗೂ ಬೆಂಗಳೂರಿನ ನೋಟಕನಿಗೂ ಭೇದವಿಲ್ಲ. ಭೇದ ತೋರುವುದು ಮಾತಿನಲ್ಲಿ.

ಈ ಸೀಮೆಗೆ ವಿದ್ಯುತ್ತು ಹೊಸದಲ್ಲ. ಗೋಕಾಕ ಫಾಲ್ಸಿನಲ್ಲಿ ಘಟಪ್ರಭೆಯ ನೀರಿನಿಂದ 1887ರಲ್ಲಿಯೇ ವಿದ್ಯುತ್ತು ತೆಗೆದರು. ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರ ಸಂಘ 1969ರಿಂದ ಹಳ್ಳಿಗಳಿಗೆ ದೀಪ ಹಚ್ಚುತ್ತ ಬಂದಿದೆ. ಆದರೆ ಟೆಲಿವಿಷನ್ನಿನಲ್ಲಿ ಕನ್ನಡದ ನಗೆ ಇಲ್ಲಿಗೆ ಬಂದದ್ದು ತಡವಾಗಿ. 1984ರಲ್ಲಿ ದೂರದರ್ಶನ ‘ಯೇ ಜೋ ಹೈ ಜಿಂದಗಿ’ಯನ್ನು ತೋರಿಸಿದಾಗ ನಗಬೇಕಾದದ್ದು ಹಿಂದಿಯಲ್ಲಿ. 2000ದ ಕೊನೆಗೆ ಈಟೀವಿ ಕನ್ನಡ ವಾಹಿನಿ ಆರಂಭವಾಗಿ, ಕೇಬಲ್ ತಂತಿ ಓಣಿಗಳೊಳಗೆ ಹೊಕ್ಕ ಮೇಲೆ ಪಾಂಡುವೂ ಲಲಿತಾಂಬೆಯೂ ನಮ್ಮ ಮನೆಮಂದಿಯಾದರು. ಅವರು ಆಡಿದ್ದು ಬೆಂಗಳೂರಿನ ಮಧ್ಯಮವರ್ಗದ ಕನ್ನಡ. ಅದರಲ್ಲಿ ತಪ್ಪೇನಿಲ್ಲ, ಬೆಂಗಳೂರಿನ ಮನೆಯ ಕತೆಗೆ ಬೆಂಗಳೂರಿನ ಮಾತೇ ಸಹಜ.

ತೊಡಕು ಬರುವುದು ಆ ಮನೆಗೆ ನಮ್ಮ ಕಡೆಯವನೊಬ್ಬ ಬಂದಾಗ. ಹಾಸ್ಯ ಧಾರಾವಾಹಿಗಳಲ್ಲಿ ಆತ ಹೆಚ್ಚಾಗಿ ಅಡಿಗೆಯವನು, ಕಾವಲುಗಾರ, ಇಲ್ಲವೆ ಹಳ್ಳಿಯಿಂದ ಬಂದ ಬೀಗ. ಅವನಿಗೆ ಜಿಪುಣತನ ಬೇಕಿಲ್ಲ, ಬಡಾಯಿ ಬೇಕಿಲ್ಲ. “ಊಟಾ ಆತೇನ್ರಿ?” ಎಂದರೆ ಸಾಕು, ಹಿನ್ನೆಲೆಯಿಂದ ಮುದ್ರಿತ ನಗೆ ಕೇಳಿಬರುತ್ತದೆ. ಮೂಡಲಗಿಯಲ್ಲಿ ಈ ಮಾತನ್ನು ದಿನಕ್ಕೆ ಹತ್ತು ಸಲ ಹತ್ತು ಜನರಿಗೆ ಕೇಳುತ್ತಾರೆ, ಯಾರೂ ನಗುವುದಿಲ್ಲ. ಹಸಿದವನು ಹಸಿದೆನೆನ್ನುತ್ತಾನೆ, ಉಂಡವನು ಉಂಡೆನೆನ್ನುತ್ತಾನೆ, ಅಷ್ಟೆ. ಹೀಗಾಗಿ ಬೇರೆಯ ಮಾತನಾಡುವ ಪಾಂಡುವಿನಲ್ಲಿ ನಮ್ಮವರು ತಮ್ಮನ್ನು ಕಂಡುಕೊಂಡರು. ತಮ್ಮದೇ ಮಾತನಾಡುವ ಆ ಬಡಪಾಯಿಯಲ್ಲಿ ಕಂಡುಕೊಳ್ಳಲಾರದೆ ಹೋದರು. ಅವನು ತೆರೆಯ ಮೇಲಿರುವಷ್ಟು ಹೊತ್ತು ಕೋಣೆಯಲ್ಲಿ ಪಾತ್ರ ಹಂಚಿಕೆ ನಿಂತುಬಿಡುತ್ತಿತ್ತು. ನಾಟ್ಯಶಾಸ್ತ್ರ ಹಾಸ್ಯದಲ್ಲಿ ಆತ್ಮಸ್ಥ, ಪರಸ್ಥ ಎಂದು ಎರಡು ಬಗೆ ಹೇಳುತ್ತದೆ: ತಾನು ನಗುವುದು, ಪರರನ್ನು ನಗಿಸುವುದು. ಆ ಪಾತ್ರಕ್ಕೆ ದೊರೆತದ್ದು ಎರಡನೆಯದು ಮಾತ್ರ.

ಇದೇ ನೆಲದಲ್ಲಿ ಹಿಂದೆ ಬೇರೆ ರೀತಿ ನಡೆದದ್ದುಂಟು. ಕುಲಗೋಡ ಹಿಂದೆ ಗೋಕಾಕ ತಾಲೂಕಿನ ಊರು, ಈಗ ಮೂಡಲಗಿಯದು. ಅಪರಾಳ ತಮ್ಮಣ್ಣನ ‘ಶ್ರೀಕೃಷ್ಣ ಪಾರಿಜಾತ’ವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಬಯಲಿನ ಆಟಕ್ಕೆ ಒಗ್ಗಿಸಿ ಮನೆಮಾತಾಗಿಸಿದವನು ಅಲ್ಲಿಯ ಕುಲಗೋಡ ತಮ್ಮಣ್ಣ. ಕತೆ ಇಷ್ಟೇ: ನಾರದ ದೇವಲೋಕದಿಂದ ಒಂದು ಪಾರಿಜಾತದ ಹೂ ತಂದು ಕೃಷ್ಣನಿಗೆ ಕೊಡುತ್ತಾನೆ, ಕೃಷ್ಣ ಅದನ್ನು ರುಕ್ಮಿಣಿಗೆ ಕೊಡುತ್ತಾನೆ, ಸುದ್ದಿ ತಿಳಿದ ಸತ್ಯಭಾಮೆ ಮುನಿಯುತ್ತಾಳೆ. ಒಂದು ಹೂವಿಗಾಗಿ ಇಬ್ಬರು ಸವತಿಯರ ಜಗಳ, ನಡುವೆ ಸಿಕ್ಕಿಬಿದ್ದ ಗಂಡ, ಸುದ್ದಿ ಹೊತ್ತು ಅತ್ತಿಂದಿತ್ತ ಓಡಾಡುವ ದೂತಿ. ಜಗಳ ಹಚ್ಚುವ ಅತಿಥಿಯೂ ಇರುವುದರಿಂದ ಇದಕ್ಕಿಂತ ತುಂಬಿದ ಸಂಸಾರದ ಹಾಸ್ಯ ಬೇಕೆನಿಸುವುದಿಲ್ಲ.

ಪಾರಿಜಾತದಲ್ಲಿ ಹಾಡು ಮುಗಿದು ಮಾತು ಆರಂಭವಾದೊಡನೆ ದ್ವಾರಕೆ ಗೋಕಾಕ ಸೀಮೆಗೆ ಬಂದುಬಿಡುತ್ತದೆ. ಭಾಗವತನಾಗಲಿ ದೂತಿಯಾಗಲಿ ಮಾತನಾಡುವುದು ಎದುರಿಗೆ ಕಂಬಳಿ ಹಾಸಿ ಕುಳಿತವರ ಮಾತನ್ನೇ. ಎಲ್ಲರದೂ ಒಂದೇ ಮಾತಾದ ಮೇಲೆ ಮಾತಿಗಾಗಿ ನಗುವವರಾರು? ನಗೆ ಸತ್ಯಭಾಮೆಯ ಬಿಂಕಕ್ಕೆ, ಕೃಷ್ಣನ ಪೇಚಾಟಕ್ಕೆ. ಕೌಜಲಗಿಯ ನಿಂಗಮ್ಮ ಈ ಆಟದಿಂದ ನಾಡಿನಲ್ಲೆಲ್ಲ ಹೆಸರಾದ ಕಲಾವಿದೆ. ಆ ಸತ್ಯಭಾಮೆಯರ ಮುನಿಸನ್ನು ಕಂಡು ಎಷ್ಟು ಗಂಡಂದಿರು ಹೆಂಡಿರ ಕಡೆಗೆ ಕಳ್ಳನೋಟ ಬೀರಿದ್ದಾರೋ ಲೆಕ್ಕವಿಟ್ಟವರಿಲ್ಲ. ನಾನೇ ಕಂಡಂತೆ, ಇಂಥ ಒಂದು ಆಟದಲ್ಲಿ ಸತ್ಯಭಾಮೆ ಮೋರೆ ತಿರುಗಿಸಿದಾಗ ಹಿಂದೆ ಕುಳಿತ ಮುದುಕಿಯೊಬ್ಬಳು “ನಮ್ಮ ಸಣ್ಣ ಸೊಸೀನೂ ಹಿಂಗ” ಎಂದಳು. ಅವಳ ಪಕ್ಕದಲ್ಲಿದ್ದವಳು ನಿಧಾನವಾಗಿ, “ನೀ ಏನ ಕಡಿಮಿ ಇದ್ದೆಬೇ?” ಎಂದಳು. ಮುದುಕಿ ಸ್ವಲ್ಪ ತಡೆದು ನಕ್ಕಳು. ಆತ್ಮಸ್ಥ ಹಾಸ್ಯಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ತಿಳಿಯದು.

ಈ ಭಾಷೆ ಬೆಂಗಳೂರಿನವರಿಗೆ ಸಹಜವಾಗಿ ನಗೆ ತರಿಸುತ್ತದೆ, ಏನು ಮಾಡುವುದು ಎನ್ನುವವರೂ ಇದ್ದಾರೆ. ನನಗದು ಒಪ್ಪಿಗೆಯಿಲ್ಲ. ಹುಕ್ಕೇರಿ ತಾಲೂಕಿನ ಘೋಡಗೇರಿಯವರಾದ ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ಯನ್ನು ಬಿ.ವಿ. ಕಾರಂತರು 1972ರಲ್ಲಿ ಬೆಂಗಳೂರಿನಲ್ಲಿಯೇ ಆಡಿಸಿದರು. ಆ ನಾಟಕದಲ್ಲಿಯೂ ನಗೆಯುಂಟು, ಅದೂ ಹೊಟ್ಟೆ ಹುಣ್ಣಾಗುವಷ್ಟು. ಆದರೆ ಗೌಡ ನಗೆಗೀಡಾಗುವುದು ಅವನ ಗೌಡಿಕೆಯ ದೆಸೆಯಿಂದ, ಉಚ್ಚಾರದ ದೆಸೆಯಿಂದಲ್ಲ. ಅಲ್ಲಿ ಒಡೆಯನೂ ಒಕ್ಕಲೂ ಒಂದೇ ಭಾಷೆಯವರು. ಹತ್ತು ಜನರ ನಡುವೆ ಒಬ್ಬನ ಬಾಯಲ್ಲಿ ಮಾತ್ರ ಈ ಮಾತನ್ನಿಟ್ಟಾಗ ಅದು ವೇಷವಾಗುತ್ತದೆ. ಹತ್ತೂ ಜನರ ಬಾಯಲ್ಲಿಟ್ಟರೆ ಬರಿಯ ಮಾತಾಗಿ ಉಳಿಯುತ್ತದೆ.

ಈಚೆಗೆ ಉತ್ತರ ಕರ್ನಾಟಕದ ತರುಣರು ಮೊಬೈಲಿಗಾಗಿಯೇ ತಮ್ಮ ಮಾತಿನಲ್ಲಿ ಕಿರುಹಾಸ್ಯಗಳನ್ನು ತಯಾರಿಸಿ ಯೂಟ್ಯೂಬಿಗೆ ಹಾಕುತ್ತಿದ್ದಾರೆ. ಅವುಗಳಲ್ಲಿ ಅತ್ತೆಯೂ ಸೊಸೆಯೂ ಸಾಲಗಾರನೂ ಗೋಕಾಕದವರಂತೆಯೇ ಮಾತನಾಡುತ್ತಾರೆ. ಸಂತೆಯ ದಿನ ಬಸ್ಸಿಗಾಗಿ ಕಾಯುವವರು ಫೋನನ್ನು ಒಬ್ಬರಿಗೊಬ್ಬರು ತೋರಿಸಿ ನಗುವುದನ್ನು ಕಂಡಿದ್ದೇನೆ. ಆದರೆ ಆ ಆಟ ಐದೇ ನಿಮಿಷದಲ್ಲಿ ಮುಗಿಯುತ್ತದೆ, ಬೆರಳು ಮುಂದಿನದಕ್ಕೆ ಜಾರುತ್ತದೆ. ಇವನು ನಮ್ಮ ಕಾಕಾ, ಇವಳು ನಮ್ಮ ಅತ್ತಿಗೆ ಎಂದು ಹೆಸರು ಹಚ್ಚುವಷ್ಟು ಕಾಲ ಪಾತ್ರ ಎದುರಿಗೆ ನಿಲ್ಲುವುದಿಲ್ಲ. ಪಾಂಡುವಿಗೆ ನೂರಾರು ಸಂಜೆಗಳಿದ್ದವು. ಸತ್ಯಭಾಮೆಗೆ ಮುನಿಯಲು, ಅಳಲು, ದೂತಿಯನ್ನು ಬೈದಟ್ಟಿ ಮತ್ತೆ ಕರೆಯಲು ಬೆಳಗಾಗುವವರೆಗೆ ಹೊತ್ತಿತ್ತು. ನೋಡುವವರಿಗೂ ಅಷ್ಟು ಹೊತ್ತಿತ್ತು.